ಶುಕ್ರವಾರ ಹನ್ನೆರಡರವರೆಗೆ ಮೌನ

ನವೆಂಬರ್ 9, ಗುರುವಾರ

ಮುರಿದುಬಿತ್ತು. ಹನ್ನೊಂದು ವರ್ಷ ಎಳೆದಾಡಿದ ವ್ಯಾಪಾರ ಮಾತುಕತೆ ಇವತ್ತು ಸಂಜೆ ಐದೂಕಾಲಿಗೆ ನಿಂತೇಹೋಯಿತು. ನೂರಾ ಹದಿನೆಂಟು ದೇಶಗಳು, ಒಂದು ಸಭಾಂಗಣ, ಒಪ್ಪಂದ ಸೊನ್ನೆ. ಅಧ್ಯಕ್ಷರು ಕೊನೆಯ ಮಾತಾಡಿ ಸುತ್ತಿಗೆ ಎತ್ತಿದರು, ಹೊಡೆಯಲಿಲ್ಲ, ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದರು. ಅದನ್ನು ನೋಡಿ ನನಗೆ ಅಳು ಬಂತು. ಐವತ್ತೆರಡು ವರ್ಷದ ಹೆಂಗಸು ದೇಶದ ಹೆಸರಿನ ಫಲಕದ ಹಿಂದೆ ಕೂತು ಕಣ್ಣೊರೆಸಿಕೊಂಡರೆ ಚೆನ್ನಾಗಿರುವುದಿಲ್ಲವೆಂದು ಕೆಮ್ಮು ಬಂದವಳ ಹಾಗೆ ಮಾಡಿದೆ.

ನಮ್ಮ ದೊಡ್ಡವರು, ಅಂದರೆ ನಿಯೋಗದ ಮುಖ್ಯಸ್ಥರು, ಏಳರ ವಿಮಾನ ಹಿಡಿದರು. "ಮಂತ್ರಿಗಳಿಗೆ ಖುದ್ದಾಗಿ ಹೇಳ್ಬೇಕು. ನೀವು ಅಂಗಡಿ ನೋಡ್ಕೊಳ್ಳಿ" ಅಂದರು. ಅಂಗಡಿ ಎಂದರೆ ಮೂರನೇ ಮಹಡಿಯ ಎರಡು ಕೋಣೆ, ಕಾಗದ ನುಂಗುವ ಒಂದು ಪ್ರಿಂಟರ್, ಮತ್ತು ಉಪಮುಖ್ಯಸ್ಥೆಯಾದ ನಾನು.

ಮೆಟ್ಟಿಲಿಳಿಯುವಷ್ಟರಲ್ಲಿ ತಂಗಿಯ ನಾಲ್ಕು ಕರೆ ಬಂದಿದ್ದವು. ಐದನೆಯದನ್ನು ಎತ್ತಿದೆ.

"ಅಕ್ಕಾ, ಟೀವಿಲಿ ಎಲ್ಲಾ ಮುಗ್ದೋಯ್ತು ಅಂತಿದಾರೆ. ನಮ್ ರಿಯಾಯ್ತಿ ಕತೆ ಏನು?"

"ಇನ್ನೂ ಇಪ್ಪತ್ತೊಂದು ದಿನ ಇದೆ. ನೋಡೋಣ."

"ನೋಡೋಣ ಅನ್ಬೇಡ. ನೀನು ನೋಡೋಣ ಅಂದ್ರೆ ಆಗಲ್ಲ ಅಂತ ಅರ್ಥ. ಚಿಕ್ಕಂದಿನಿಂದ ನೋಡ್ತಿದೀನಿ."

ಅವಳು ಊರಿನಲ್ಲಿ ಕೈಗವಸಿನ ಕಾರ್ಖಾನೆಯೊಂದರ ಮೇಲ್ವಿಚಾರಕಿ. ಅವಳ ಕೈಕೆಳಗೆ ನೂರಾ ನಲವತ್ತು ಹೆಂಗಸರು ಹೊಲಿಯುತ್ತಾರೆ, ಅರ್ಧಕ್ಕರ್ಧ ಜನಕ್ಕೆ ಸೂಜಿ ಹಿಡಿಸಿದ್ದೇ ಅವಳು. ಸಣ್ಣ ದೇಶಗಳಿಗೆಂದು ದೊಡ್ಡ ದೇಶಗಳು ಕೊಟ್ಟ ಸುಂಕದ ರಿಯಾಯಿತಿಯಿಂದ ಆ ಕೈಗವಸುಗಳು ಹೊರಗೆ ಹೋಗುತ್ತಿವೆ. ರಿಯಾಯಿತಿ ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ. ಹೊಸ ಒಪ್ಪಂದ ಅದರ ಜಾಗಕ್ಕೆ ಬರಬೇಕಿತ್ತು. ಬರಲಿಲ್ಲವಾದರೆ ಒಂದನೇ ತಾರೀಖಿನಿಂದ ಕಾರ್ಖಾನೆ ಮುಚ್ಚುತ್ತೇನೆಂದು ಮಾಲೀಕರು ಗೇಟಿನಲ್ಲಿ ಚೀಟಿ ಅಂಟಿಸಿದ್ದಾರೆ. ಕೆಟ್ಟವರೇನಲ್ಲ. ಸುಂಕ ಬಿದ್ದರೆ ನಮ್ಮ ಕೈಗವಸನ್ನು ಅಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ನವೆಂಬರ್ 10, ಶುಕ್ರವಾರ

ಸಭಾಂಗಣದಲ್ಲಿ ಫಲಕಗಳನ್ನು ಕಿತ್ತು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನಮ್ಮ ಫಲಕದ ಜೊತೆ ಪಕ್ಕದ ಕುರ್ಚಿಯವರದೂ ಹೋಯಿತು. ಪಕ್ಕದ ಕುರ್ಚಿ ಎಂದರೆ ಒಂದು ಪುಟ್ಟ ದ್ವೀಪದ ಪ್ರತಿನಿಧಿ, ಅಕ್ಷರಮಾಲೆಯ ದಯೆಯಿಂದ ಒಂಬತ್ತು ವರ್ಷ ನನ್ನ ಎಡಗಡೆ ಕೂತ ಮುದುಕರು. "ಮೇಡಂ, ಹನ್ನೊಂದು ವರ್ಷದಲ್ಲಿ ನನ್ನ ಮೊಮ್ಮಗಳು ಹುಟ್ಟಿ ಗುಣಾಕಾರ ಕಲಿತ್ಲು. ನಾವು ಒಂದು ಪುಟ ಕಲೀಲಿಲ್ಲ" ಅಂದರು. ನಗಬೇಕೆನಿಸಲಿಲ್ಲ. ನಕ್ಕೆ.

ನವೆಂಬರ್ 14, ಮಂಗಳವಾರ

ಅಧ್ಯಕ್ಷರು ಸುಮ್ಮನೆ ಕೂತಿರಲಿಲ್ಲ! ಇವತ್ತು ಬೆಳಿಗ್ಗೆ ಎಲ್ಲ ನಿಯೋಗಗಳಿಗೂ ಒಂದೇ ಒಂದು ಪುಟ ಬಂತು. ಜಗಳದ ವಿಷಯಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದಾರೆ. ಸಣ್ಣ ದೇಶಗಳ ರಿಯಾಯಿತಿ ಮಾತ್ರ ಇನ್ನೊಂದು ವರ್ಷ ಮುಂದುವರಿಯಲಿ, ಅಷ್ಟರಲ್ಲಿ ಮಾತುಕತೆಗೆ ಮತ್ತೆ ಜೀವ ಬರುತ್ತದೋ ನೋಡೋಣ ಎಂಬುದು ಅದರ ಸಾರ.

ಸಭೆ ಕರೆದರೆ ಮತ್ತೆ ಕಚ್ಚಾಡುತ್ತಾರೆಂದು ಮೌನದ ಗಡುವು ಇಟ್ಟಿದ್ದಾರೆ. ನಮ್ಮ ಮನೆಯವರಿಗೆ ಇದನ್ನು ವಿವರಿಸಿ ಸಾಕಾಗಿದೆ, ಆದರೆ ಬಹಳ ಸರಳ. ಇಪ್ಪತ್ತನಾಲ್ಕನೇ ತಾರೀಖು ಶುಕ್ರವಾರ ಮಧ್ಯಾಹ್ನ ಹನ್ನೆರಡರವರೆಗೆ ಯಾವ ದೇಶವೂ ತುಟಿ ಪಿಟಕ್ಕೆನ್ನದಿದ್ದರೆ ಪುಟ ಪಾಸಾದಂತೆ. ಮತದಾನವಿಲ್ಲ, ಭಾಷಣವಿಲ್ಲ. ಒಂದೇ ಒಂದು ದೇಶ ಅಷ್ಟರೊಳಗೆ ಆಕ್ಷೇಪದ ಪತ್ರ ಕೊಟ್ಟರೆ ಮೌನ ಮುರಿಯಿತು, ಪುಟ ಸತ್ತಿತು. ಯಾರು ಮುರಿದರೆಂದು ಮಾತುಕತೆ ನಡೆಸುವ ಕಾರ್ಯಾಲಯ ಹೆಸರು ಹೇಳುವುದಿಲ್ಲ.

ದೊಡ್ಡ ದೇಶಗಳು ಸುಮ್ಮನಿರುತ್ತೇವೆಂದು ಆಗಲೇ ಅಧ್ಯಕ್ಷರ ಕಿವಿಯಲ್ಲಿ ಹಾಕಿವೆಯಂತೆ. ಕುಣಿಯಬೇಕೆನಿಸಿತು. ತಂಗಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ಅವಳು ಫೋನ್ ಹಿಡಿದುಕೊಂಡೇ ಆಚೆ ಓಡಿ ಯಾರಿಗೋ ಕೂಗಿ ಹೇಳಿದ್ದು ಇಲ್ಲಿಗೆ ಕೇಳಿಸಿತು.

ನವೆಂಬರ್ 16, ಗುರುವಾರ

ತಂಗಿ ಬಲು ಉತ್ಸಾಹದಲ್ಲಿದ್ದಾಳೆ. ಹೊಸ ಅಳತೆಯ ಕೈಗವಸು ಬಂದಿದೆಯಂತೆ, ಹೆಬ್ಬೆರಳು ಕೂಡಿಸುವುದೇ ಕಷ್ಟವಂತೆ, ನೂರಾ ನಲವತ್ತು ಜನರಲ್ಲಿ ಮೂವರಿಗೆ ಮಾತ್ರ ಸರಿಯಾಗಿ ಬರುತ್ತದಂತೆ. ಹತ್ತು ನಿಮಿಷ ಹೆಬ್ಬೆರಳಿನ ಪುರಾಣ ಕೇಳಿದೆ. ಆಮೇಲೆ ಮೆಲ್ಲಗೆ ಹೇಳಿದಳು.

"ಪಕ್ಕದ ರಸ್ತೆಲಿ ಡಬ್ಬಿ ಕಾರ್ಖಾನೆ ಇದೆಯಲ್ಲ, ಅವರು ಜನ ತಗೋತಿದಾರೆ. ಐವತ್ತು ಜನ. ಸೋಮವಾರ ಸಂಜೆವರೆಗೆ ಹೆಸರು ಬರ್ಕೋತಾರೆ. ನಮ್ಮವರು ಹೊರಟಿದ್ರು, ನಾನೇ ನಿಲ್ಸಿದೆ."

"ಯಾಕೆ ನಿಲ್ಸಿದೆ?"

"ನೀನು ಹೇಳಿದ್ಯಲ್ಲ ಆಗತ್ತೆ ಅಂತ. ಅಲ್ಲಿ ಕೂಲಿ ಅರ್ಧ. ಇಲ್ಲಿ ಕೆಲಸ ಇರೋವಾಗ ಅಲ್ಲಿಗೆ ಯಾಕೆ ಹೋಗ್ಬೇಕು? ಐವತ್ತು ಜನ ಹೋದ್ರೆ ಈ ಆರ್ಡರ್ ಯಾರು ಮುಗಿಸ್ತಾರೆ?"

ಆಗುತ್ತದೆ ಎಂದು ನಾನು ಹೇಳಿರಲಿಲ್ಲ. ಆಗಬಹುದು ಎಂದಿದ್ದೆ. ವೃತ್ತಿಯಲ್ಲಿ ಈ ಎರಡಕ್ಕೆ ಭೂಮಿ ಆಕಾಶದ ಅಂತರ. ಆದರೆ ಫೋನಿನಲ್ಲಿ ಅವಳನ್ನು ತಿದ್ದಲಿಲ್ಲ.

ನವೆಂಬರ್ 20, ಸೋಮವಾರ

ಹನ್ನೊಂದಕ್ಕೆ ರಾಜಧಾನಿಯಿಂದ ಸೂಚನೆ ಬಂತು. ಮೇಲೆ ರಹಸ್ಯ ಎಂದು ಮುದ್ರೆ. ಹನ್ನೊಂದು ವರ್ಷದಿಂದ ನಾವು ಕೇಳುತ್ತಿರುವ ಎಣ್ಣೆಬೀಜದ ಸುಂಕ ಕಡಿತದ ಪ್ರಸ್ತಾಪ ಪುಟದಲ್ಲಿಲ್ಲ, ಆದ್ದರಿಂದ ಗಡುವಿನೊಳಗೆ ಮೌನ ಮುರಿಯತಕ್ಕದ್ದು.

ಎರಡು ಸಲ ಓದಿದೆ. ಕೂಡಲೇ ನಮ್ಮ ವಿಭಾಗದ ಸಾಹೇಬರಿಗೆ ಫೋನ್ ಮಾಡಿದೆ.

"ಮೇಡಂ, ನಾವು ಗಟ್ಟಿಯಾಗಿ ನಿಂತ್ರೆ ಅವರೇ ಓಡಿ ಬಂದು ಎಣ್ಣೆಬೀಜ ಸೇರಿಸ್ತಾರೆ."

"ಓಡಿ ಬರಲ್ಲ ಸಾರ್. ಪೆಟ್ಟಿಗೆ ಕಟ್ಕೊಂಡು ಅವರವರ ಊರಿಗೆ ಹೋಗ್ತಾರೆ. ನಮ್ಮ ಕೈಗವಸಿನ ಗತಿ ಏನು?"

"ಕೈಗವಸು ಕೈಗಾರಿಕಾ ಇಲಾಖೆಯವರ ವಿಷಯ. ಅವರೇನೂ ಬರೆದಿಲ್ಲ ನಮಗೆ."

"ಅವರಿಗೆ ಗೊತ್ತೇ ಇರಲ್ಲ ಸಾರ್!"

"ಹಾಗಾದ್ರೆ ಅವರಿಗೆ ಅಭ್ಯಂತರ ಇಲ್ಲ ಅಂತಾಯ್ತು."

ಈ ಮನುಷ್ಯನ ಹತ್ತಿರ ವಾದ ಮಾಡುವ ಬದಲು ಗೋಡೆಗೆ ತಲೆ ಚಚ್ಚಿಕೊಳ್ಳಬಹುದು. ಆದರೂ ಮೂರು ಪುಟದ ಟಿಪ್ಪಣಿ ಬರೆದು ಸೂಚನೆ ಮರುಪರಿಶೀಲಿಸಿ ಎಂದು ಕೇಳಿಕೊಂಡಿದ್ದೇನೆ.

ನಾಲ್ಕು ಗಂಟೆಗೆ ತಂಗಿಯ ಫೋನ್. ಹಿಂದೆ ಹೆಂಗಸರ ಗದ್ದಲ.

"ಡಬ್ಬಿ ಕಾರ್ಖಾನೆಯವರು ಐದಕ್ಕೆ ಪಟ್ಟಿ ಮುಚ್ತಾರೆ. ಇವರೆಲ್ಲ ನನ್ನ ಮುಖ ನೋಡ್ಕೊಂಡು ನಿಂತಿದಾರೆ. ಹೋಗಿ ಅನ್ಲಾ, ಇರಿ ಅನ್ಲಾ?"

ಸೂಚನೆಯ ಕಾಗದ ನನ್ನ ಮೊಣಕೈ ಕೆಳಗಿತ್ತು.

"ಇನ್ನೂ ಏನೂ ತೀರ್ಮಾನ ಆಗಿಲ್ಲ" ಅಂದೆ.

"ಅಂದ್ರೆ ಇರಿ ಅಂತೀನಿ" ಎಂದು ಇಟ್ಟಳು.

ನಾನು ಸುಳ್ಳು ಹೇಳಲಿಲ್ಲ. ಟಿಪ್ಪಣಿ ಹೋಗಿದೆ, ಉತ್ತರ ಬಂದಿಲ್ಲ. ತೀರ್ಮಾನವಾಗಿಲ್ಲ ಎಂಬುದು ಅಕ್ಷರಶಃ ನಿಜ. ರಹಸ್ಯದ ಕಾಗದವನ್ನು ಮನೆಯವರಿಗೆ ಓದಿ ಹೇಳುವವಳಾಗಿದ್ದರೆ ಇಪ್ಪತ್ತಾರು ವರ್ಷ ಈ ಕೆಲಸದಲ್ಲಿ ಉಳಿಯುತ್ತಿರಲಿಲ್ಲ.

ನವೆಂಬರ್ 21, ಮಂಗಳವಾರ

ಉತ್ತರ ಬಂತು. ಮೂರು ಪುಟಕ್ಕೆ ಮೂರು ಪದ. ಸೂಚನೆಯಲ್ಲಿ ಬದಲಾವಣೆ ಇಲ್ಲ.

ದೊಡ್ಡವರಿಗೆ ಹತ್ತು ಸಲ ಫೋನ್ ಮಾಡಿದೆ. ಕೊನೆಗೆ ಅವರ ಮನೆಯಾಕೆ ಎತ್ತಿ, "ಅವರು ಮಂಡಿ ಆಪರೇಷನ್‌ಗೆ ಸೇರಿದಾರಮ್ಮ, ಆಫೀಸ್ ವಿಷಯ ಮಾತಾಡ್ಬೇಡಿ ಅಂದಿದಾರೆ ಡಾಕ್ಟ್ರು" ಅಂದರು. ಮಂಡಿಗೆ ಎಂಥ ಮುಹೂರ್ತ!

ಕೆಳಗೆ ಕಾಫಿಗೆ ಸಾಲಿನಲ್ಲಿ ನಿಂತಾಗ ಮುಂದಿದ್ದ ಇಬ್ಬರು ಪಿಸುಗುಡುತ್ತಿದ್ದರು. ಇನ್ನೂ ಎರಡು ಮೂರು ದೇಶಗಳಿಗೆ ಈ ಪುಟ ಹಿಡಿಸಿಲ್ಲವಂತೆ. ನಾವೊಬ್ಬರೇ ಅಲ್ಲ ಹಾಗಾದರೆ.

ನವೆಂಬರ್ 22, ಬುಧವಾರ

ಪಕ್ಕದ ಕುರ್ಚಿಯವರು ಲಿಫ್ಟಿನಲ್ಲಿ ಸಿಕ್ಕರು. "ನಾಲ್ಕೈದು ದೇಶ ಮುರಿಯುತ್ವಂತೆ, ಕೇಳಿದ್ರಾ?" ಅಂದೆ. ಅವರು ಹುಬ್ಬೇರಿಸಿ, "ಹೌದಾ? ಪಾಪ" ಅಂದರು. ಏನು ಪಾಪವೋ, ಯಾರು ಪಾಪವೋ.

ಮಧ್ಯಾಹ್ನ ದುಭಾಷಿಯೊಬ್ಬಳು ತಾನಾಗಿಯೇ ಬಂದು, "ಮೇಡಂ, ಆರು ದೇಶ ಅಂತೆ" ಎಂದು ಕಿವಿ ಕಚ್ಚಿದಳು. ಅಂದರೆ ಗಾಳಿಮಾತಲ್ಲ, ಎರಡು ಕಡೆಯಿಂದ ಬಂದ ಸುದ್ದಿ. ಕೂತು ಒಂದು ಪಟ್ಟಿ ಮಾಡಿದೆ. ಎಣ್ಣೆಬೀಜದವರು, ಹತ್ತಿಯವರು, ಮೀನಿನವರು, ಯಾವಾಗಲೂ ಮೂಗು ಮುರಿಯುವ ಆ ಇಬ್ಬರು. ನಮ್ಮನ್ನು ಬಿಟ್ಟು ಎಂಟಾಯಿತು. ಎಂಟು ಆಕ್ಷೇಪ ಬೀಳುವ ಪುಟವನ್ನು ಯಾವ ದೇವರೂ ಉಳಿಸಲಾರ.

ತಂಗಿಯ ಕರೆ ಎರಡು ಸಲ ಬಂತು. ಕೆಲಸವಿತ್ತು.

ನವೆಂಬರ್ 23, ಗುರುವಾರ

ಇವತ್ತೆಲ್ಲ ಕೋಣೆಯಲ್ಲೇ ಇದ್ದೆ. ಬಿಸಿಗಾಳಿಯ ಯಂತ್ರ ಕೆಟ್ಟು ಕೋಟು ಹಾಕಿಕೊಂಡೇ ಕೂತಿದ್ದೆ. ಏನೂ ಕಾಣದಷ್ಟು ಮಬ್ಬು ಹೊರಗೆ, ಒಳಗೂ.

ಹುಷಾರಿಲ್ಲ ಎಂದು ಮಲಗಿಬಿಡಲೇ ಎಂದು ಯೋಚಿಸಿದೆ. ನನ್ನ ಬದಲು ಬರೆಯುವವರು ಇಲ್ಲಿ ಯಾರೂ ಇಲ್ಲ. ಇಮೇಲ್ ಹೋಗಲಿಲ್ಲ, ಯಂತ್ರ ಕೈಕೊಟ್ಟಿತು ಎನ್ನಬಹುದು. ಆದರೆ ವಿಚಾರಣೆಗೆ ಬಂದರೆ ಎಷ್ಟು ಗಂಟೆಗೆ ಯಾವ ಗುಂಡಿ ಒತ್ತಿದೆ ಎಂಬುದೆಲ್ಲ ಈಗ ತೆಗೆಯುತ್ತಾರಂತೆ. ನನಗೆ ಭಯ. ಇಲ್ಲಿ ಬರೆದುಕೊಳ್ಳಲು ನಾಚಿಕೆಯಿಲ್ಲ. ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ.

ಒಂದು ಸಲ ತಂಗಿಯ ಸಂಖ್ಯೆ ಒತ್ತಿ, ಗಂಟೆ ಹೊಡೆಯುವ ಮೊದಲೇ ಇಟ್ಟುಬಿಟ್ಟೆ. ಏನು ಹೇಳುವುದು? ಡಬ್ಬಿ ಕಾರ್ಖಾನೆಯ ಪಟ್ಟಿ ಸೋಮವಾರವೇ ಮುಚ್ಚಿತು. ಈಗ ಹೇಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಸಂಜೆಯ ಹೊತ್ತಿಗೆ ಒಂದು ಸಮಾಧಾನ ಬಂತು. ಹೇಗೂ ಸಾಯುವ ಪುಟ. ಎಂಟು ಜನ ಮಣ್ಣು ಹಾಕಿದ ಮೇಲೆ ಒಂಬತ್ತನೆಯವಳ ಒಂದು ಹಿಡಿಯಿಂದ ಏನು ಹೆಚ್ಚು ಕಡಿಮೆ? ಆಕ್ಷೇಪದ ಪತ್ರದ ಕರಡು ಮಾಡಿದೆ. ಒಂದೇ ವಾಕ್ಯ. ಮೊದಲ ಸಲ ತುಂಬ ಒರಟಾಗಿತ್ತು, ಮೃದು ಮಾಡಿದೆ. ಎರಡನೇ ಸಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ನಾಲ್ಕನೆಯದು ಚೆನ್ನಾಗಿ ಬಂದಿದೆ. ವಿನಯವೂ ಇದೆ, ಎಲ್ಲೂ ಸಡಿಲವಿಲ್ಲ. ದೊಡ್ಡವರು ಇದ್ದಿದ್ದರೆ ಮೆಚ್ಚುತ್ತಿದ್ದರು.

ನವೆಂಬರ್ 24, ಶುಕ್ರವಾರ

ಹನ್ನೊಂದು ನಲವತ್ತಕ್ಕೆ ಕಳಿಸಿದೆ.

ಸಂಜೆ ನಾಲ್ಕು.

ಕಾರ್ಯಾಲಯದ ಸೂಚನಾಪತ್ರ ಬಂತು. ಇದ್ದ ಹಾಗೆ ಇಳಿಸುತ್ತೇನೆ. "ನಿಗದಿತ ಅವಧಿಯೊಳಗೆ ಒಂದು ನಿಯೋಗದಿಂದ ಆಕ್ಷೇಪ ಬಂದಿರುವುದರಿಂದ ಪ್ರಸ್ತಾವ ಅಂಗೀಕಾರವಾಗಿಲ್ಲ."

ಒಂದು ನಿಯೋಗ ಎಂದಿದೆ. ಬೆರಳಚ್ಚಿನ ತಪ್ಪಿರಬೇಕೆಂದು ಕೆಳಗಿನ ಗುಮಾಸ್ತನಿಗೆ ಫೋನ್ ಮಾಡಿದೆ.

"ಉಳಿದವರ ಪತ್ರಗಳು?"

"ಯಾವ ಉಳಿದವರು ಮೇಡಂ? ಬಂದಿದ್ದು ಒಂದೇ. ನಿಮ್ಮದೇ."

ನವೆಂಬರ್ 25, ಶನಿವಾರ

ಪಕ್ಕದ ಕುರ್ಚಿಯವರು ಕೋಣೆಗೆ ಬಂದರು. ಬೀಳ್ಕೊಡುಗೆಗೆಂದು ಬಿಸ್ಕತ್ತಿನ ಡಬ್ಬಿ ತಂದಿದ್ದರು. ಕೂತವರೇ ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಅವರ ದೇಶದ ಲಾಂಛನ, ಕೆಳಗೆ ಆಕ್ಷೇಪದ ಒಂದು ವಾಕ್ಯ, ಮೂಲೆಯಲ್ಲಿ ಕಾರ್ಯಾಲಯದ ಮುದ್ರೆ. "ತಡವಾಗಿದೆ, ಸ್ವೀಕರಿಸಿಲ್ಲ. 12.05."

"ನಮಗೂ ಮುರೀರಿ ಅಂತಲೇ ಬಂದಿತ್ತು ಮೇಡಂ. ನಮ್ಮಲ್ಲಿ ಅರ್ಧ ಊರು ಆ ರಿಯಾಯ್ತಿ ಮೇಲೆ ಬದುಕ್ತಿದೆ. ರಾಜಧಾನಿಯವರಿಗೆ ಹೇಳಿ ಹೇಳಿ ಸಾಕಾಯ್ತು. ಸರಿ, ಸೂಚನೆ ಪಾಲಿಸ್ತೀನಿ, ಐದು ನಿಮಿಷ ತಡವಾಗಿ ಪಾಲಿಸ್ತೀನಿ ಅಂದ್ಕೊಂಡೆ. ಮೆಟ್ಟಿಲಲ್ಲಿ ಕಾಲು ನೋವಿತ್ತು ಅಂತ ಬರೆದ್ರೆ ಆಯ್ತು. ಬೈತಾರೆ, ಬೈಸ್ಕೊಂಡ್ರಾಯ್ತು."

ನಾನು ಬಿಸ್ಕತ್ತಿನ ಡಬ್ಬಿ ಬಿಚ್ಚತೊಡಗಿದೆ.

"ಅಲ್ಲಿ ಹೋದ್ರೆ ಕಾಗದ ತಗೊಳ್ಳೋ ಕಿಟಕಿ ಮುಂದೆ ಇನ್ನೂ ಮೂರು ಜನ! ಎಲ್ಲರ ಕೈಯಲ್ಲೂ ಒಂದೊಂದು ಕಾಗದ. ಎಲ್ಲರೂ ಗಡಿಯಾರ ನೋಡ್ಕೊಂಡು ನಿಂತಿದಾರೆ, ಒಬ್ಬರೂ ಒಳಗೆ ಕೊಡ್ತಿಲ್ಲ. ನಮಗೆಲ್ಲ ಅರ್ಥ ಆಗೋಯ್ತು, ಒಬ್ಬರ ಮುಖ ಒಬ್ಬರು ನೋಡ್ದೆ ನಗು ತಡ್ಕೊಂಡಿದ್ವಿ. ನೀವು ಕಾಣಲಿಲ್ಲ. ನಿಮ್ಮವರು ಸುಮ್ಮನಿರಿ ಅಂದಿರ್ಬೇಕು, ಪುಣ್ಯವಂತೆ ಅಂದ್ಕೊಂಡೆ."

ಅವರು ಕಾಗದ ಮಡಿಸಿ ಮತ್ತೆ ಜೇಬಿಗೆ ಹಾಕಿಕೊಂಡರು. "ಯಾವನೋ ಮುಂಚೆನೇ ಇಮೇಲ್ ಮಾಡ್ಬಿಟ್ಟಿದ್ದಾನೆ. ಹೊಸಬನಿರ್ಬೇಕು."

ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದೆ.

ನವೆಂಬರ್ 27, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಅಧ್ಯಕ್ಷರ ಬಾಗಿಲಲ್ಲಿ ನಿಂತಿದ್ದೆ. ಆಕ್ಷೇಪ ವಾಪಸ್ ತಗೊಂಡರೆ ಹೇಗೆ ಎಂದು ಕೇಳಿದೆ. ಅವರು ಬೈಯಲಿಲ್ಲ. "ಮತ್ತೆ ಹಂಚ್ಬೇಕು, ಮತ್ತೆ ಹತ್ತು ದಿನ ಕೊಡ್ಬೇಕು ಮೇಡಂ. ನಮ್ಮತ್ರ ಮೂರು ದಿನ ಇದೆ. ಅದೂ ಅಲ್ಲದೆ ದೊಡ್ಡ ದೇಶದವರು ಒಂದು ಸಲ ಬಾಯಿ ಮುಚ್ಕೊಂಡಿದ್ದೇ ಹೆಚ್ಚು" ಎಂದರು. ಬೇಸಿಗೆಯ ಹೊತ್ತಿಗೆ ಒಂದೊಂದು ರಾಜಧಾನಿಗೂ ಹೋಗಿ, ಮಾತುಕತೆ ಮುಂದುವರಿಸಲು ಯಾರಿಗಾದರೂ ಮನಸ್ಸಿದೆಯೇ ವಿಚಾರಿಸುತ್ತಾರಂತೆ. ಆಸೆ ಇದೆಯಾ ಎಂದು ಕೇಳಿದೆ. ಕೈ ಚೆಲ್ಲಿದರು.

ವಾಪಸ್ ಬಂದರೆ ರಾಜಧಾನಿಯ ಸಂದೇಶ ಕಾದಿತ್ತು. ನಮ್ಮ ದೃಢ ನಿಲುವು ಎಲ್ಲರ ಗಮನ ಸೆಳೆದಿದೆ, ಮಂತ್ರಿಗಳು ಮೆಚ್ಚಿದ್ದಾರೆ, ಮಾತುಕತೆ ಮತ್ತೆ ಆರಂಭವಾದರೆ ನಿಯೋಗದ ಮುಖ್ಯಸ್ಥೆ ನಾನೇ. ಎಣ್ಣೆಬೀಜ ಸೇರಿಸಲು ಯಾರಾದರೂ ಓಡಿ ಬಂದರೇ ಎಂದೂ ಕೇಳಿದ್ದಾರೆ. ಕಾಗದವನ್ನು ಚಿಂದಿ ಮಾಡಿ ಬುಟ್ಟಿಗೆ ಹಾಕಿದೆ. ಆಮೇಲೆ ದಾಖಲೆಗೆ ಬೇಕಲ್ಲ ಎಂದು ಇನ್ನೊಂದು ಪ್ರತಿ ತೆಗೆದೆ.

ಸಂಜೆ ತಂಗಿಯ ಫೋನ್ ಬಂತು. ಎತ್ತಿದೆ.

"ಪೇಪರಲ್ಲಿ ಒಂದೇ ಒಂದು ದೇಶ ಅಡ್ಡ ಬಂತು ಅಂತ ಹಾಕಿದಾರೆ. ಯಾವ ಹಾಳು ದೇಶ ಅಕ್ಕಾ ಅದು?"

"ನಮ್ದೇ."

ಅವಳ ಕಡೆ ಯಾವುದೋ ಮಷೀನು ಓಡುತ್ತಿತ್ತು. ಅದು ನಿಂತ ಮೇಲೆ ಕೇಳಿದಳು.

"ಕಾಗದ ಕೊಟ್ಟಿದ್ದು ಯಾರು?"

"ನಾನು."

"ಹೋದ ಸೋಮವಾರ ನಾನು ಫೋನ್ ಮಾಡ್ದಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅತ್ತರೂ ಬೈದರೂ ತಡೆದುಕೊಳ್ಳುತ್ತಿದ್ದೆ. ಅವಳು ಬಹಳ ಮೆಲ್ಲಗೆ ಮಾತಾಡಿದಳು. "ಅವರಿಗೆ ಇದನ್ನ ನನ್ ಕೈಲಿ ಹೇಳಕ್ಕಾಗಲ್ಲ. ನೀನೇ ಬಂದು ಹೇಳು."

ನವೆಂಬರ್ 30, ಗುರುವಾರ

ರಜೆ ಕೇಳದೆ ಬಂದಿದ್ದೇನೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಈ ಕಾರ್ಖಾನೆಯ ಒಳಗೆ ಕಾಲಿಟ್ಟೆ.

ಉದ್ದನೆಯ ತಗಡಿನ ಛಾವಣಿ, ತೊಗಲಿನ ವಾಸನೆ, ಏಳು ಸಾಲು ಮಷೀನು. ಗೋಡೆಯುದ್ದಕ್ಕೂ ಕಟ್ಟಿಟ್ಟ ಕೈಗವಸಿನ ಪೆಟ್ಟಿಗೆಗಳು. ಕೊನೆಯ ಪಾಳಿ. ತಂಗಿ ಗೇಟಿನಲ್ಲಿ ನನ್ನನ್ನು ಕರೆದುಕೊಂಡಳು, ಚೀಲ ತೆಗೆದುಕೊಳ್ಳಲಿಲ್ಲ, ಊಟ ಆಯಿತಾ ಎನ್ನಲಿಲ್ಲ. ಗುಂಡಿ ಒತ್ತಿ ಎಲ್ಲ ಮಷೀನು ನಿಲ್ಲಿಸಿ, "ನಮ್ಮಕ್ಕ. ನಿಮ್ಮತ್ರ ಏನೋ ಹೇಳ್ಬೇಕಂತೆ" ಎಂದು ಹೇಳಿ ಹೋಗಿ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಳು.

ದಾರಿಯಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಅದರ ಮೊದಲ ಸಾಲಿನಲ್ಲೇ ಬಹುಪಕ್ಷೀಯ ಎಂಬ ಪದವಿತ್ತು. ಬಾಯಿಗೆ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಂದು ಪುಟ ಬಂತು, ಯಾರೂ ಬೇಡವೆನ್ನದಿದ್ದರೆ ನಿಮ್ಮ ಕೆಲಸ ಉಳಿಯುತ್ತಿತ್ತು, ಮೇಲಿನವರು ಬೇಡವೆನ್ನು ಅಂದರು, ನಾನು ಬೇಡವೆಂದು ಬರೆದು ಕಳಿಸಿದೆ. ಎಂಟು ಜನ ಬರೆಯುತ್ತಾರೆ ಅಂದುಕೊಂಡಿದ್ದೆ ಎಂದೂ ಸೇರಿಸಿದೆ. ಅದರಿಂದ ಯಾರ ಮುಖವೂ ಬದಲಾಗಲಿಲ್ಲ.

ಯಾರೂ ಕೂಗಾಡಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಡಬ್ಬಿ ಕಾರ್ಖಾನೆಲಿ ಈಗ ಕೇಳಿದ್ರೆ ತಗೋತಾರಾ?" ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ತುಂಬೋಯ್ತಂತೆ ಎಂದಳು. ಮತ್ತೆ ಮಾತುಕತೆ ಯಾವಾಗ ಎಂದು ಇನ್ನೊಬ್ಬಳು ನನ್ನನ್ನು ಕೇಳಿದಳು. ಗೊತ್ತಿಲ್ಲ ಎಂದೆ.

ಹಿಂದಿನ ಸಾಲಿನಲ್ಲಿ ಹೊಲಿದ ಬೆರಳುಗಳನ್ನು ಕೋಲಿನಿಂದ ಒಳಮೈ ಹೊರಗೆ ತಿರುವುವ ಹೆಂಗಸು ಎದ್ದು ನಿಂತಳು. ನನ್ನ ವಯಸ್ಸಿನವಳೇ. ಒಂದು ಕೈಗವಸು ಅವಳ ಕೈಯಲ್ಲೇ ಇತ್ತು.

"ಒಂದು ಕೇಳ್ಲಾಮ್ಮ? ನೀವು ಆ ಕಾಗದ ಕಳಿಸ್ದೇ ಇದ್ದಿದ್ರೆ ನಿಮ್ಗೇನ್ ಮಾಡ್ತಿದ್ರು ಅವ್ರು?"

ಜೈಲು ಎನ್ನುವ ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನಿಸಿತು. ಕೆಲಸದಿಂದ ಕಿತ್ತುಹಾಕುತ್ತಿದ್ದರು ಎನ್ನಲೂ ಆಗುವುದಿಲ್ಲ, ನಮ್ಮಲ್ಲಿ ಅಷ್ಟಕ್ಕೆಲ್ಲ ಕೀಳುವುದಿಲ್ಲ.

"ಬೇರೆ ಕಚೇರಿಗೆ ಹಾಕ್ತಿದ್ರು."

"ಮತ್ತೆ?"

"ಫೈಲಲ್ಲಿ ಒಂದು ಮಾತು ಬರೀತಿದ್ರು."

"ಅಷ್ಟೇನಾ?"

ತಂಗಿ ಕಿಟಕಿಯಿಂದ ತಿರುಗಿ ನನ್ನನ್ನು ನೋಡಿದಳು.

"ಅಷ್ಟೇ" ಅಂದೆ.

ಆ ಹೆಂಗಸು ತಲೆಯಾಡಿಸಿ ಕೂತು, ಕೈಯಲ್ಲಿದ್ದ ಕೈಗವಸಿನ ಉಳಿದ ಬೆರಳುಗಳನ್ನು ತಿರುವತೊಡಗಿದಳು. ಪಾಳಿ ಮುಗಿಯಲು ಇನ್ನೂ ನಲವತ್ತು ನಿಮಿಷವಿತ್ತು, ತಂಗಿ ಹೋಗಿ ಮಷೀನುಗಳ ಗುಂಡಿ ಒತ್ತಿದಳು.